ಕಡಲ ಮೀನಿನ ತೊಟ್ಟಿಗೆ ಬೇಕಾದ ಸಲಕರಣೆಗಳು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ನಮ್ಮ ಮುಂಬಯಿ ನಗರಕ್ಕೆ ಹೊಸದಲ್ಲ. ಮರೀನ್ ಡ್ರೈವಿನ ದಂಡೆಯ ತಾರಾಪೋರವಾಲಾ ಮತ್ಸ್ಯಾಲಯವು 1951ರಷ್ಟು ಹಿಂದೆಯೇ ತೆರೆಯಿತು. ಆಮೇಲೆ ಎಷ್ಟೋ ವರ್ಷ, ಊರಿನಿಂದ ಬಂದ ನೆಂಟರಿಗೆ ಮುಂಬಯಿಯನ್ನು ತೋರಿಸುವುದೆಂದರೆ ಗೇಟ್‌ವೇ, ರಾಣಿಬಾಗು ಮತ್ತು ಆ ಮತ್ಸ್ಯಾಲಯ, ಈ ಮೂರನ್ನು ತೋರಿಸುವುದೆಂದೇ ಅರ್ಥವಾಗಿತ್ತು. ಕ್ರಾಫರ್ಡ್ ಮಾರ್ಕೆಟ್ಟಿನ ಆಸುಪಾಸಿನಲ್ಲಿ ಬಣ್ಣದ ಮೀನುಗಳನ್ನು ಮಾರುವ ಅಂಗಡಿಗಳಿವೆ. ನಿಮ್ಮಲ್ಲಿ ಹಲವರ ಮನೆಗಳಲ್ಲಿ ಗಪ್ಪಿ, ಗೋಲ್ಡ್‌ಫಿಶ್ ಮೊದಲಾದ ಮೀನುಗಳು ಇದ್ದೀತು. ಆದರೆ ಅವೆಲ್ಲವೂ ಸಿಹಿನೀರಿನ ಮೀನುಗಳು. ಕಡಲ ಮೀನನ್ನು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಸಾಕುವುದು ಬೇರೆಯೇ ಒಂದು ವಿದ್ಯೆ.

ಈ ವರ್ಷ ನಮ್ಮ ವಿಜ್ಞಾನ ಸಂಘದ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಮೂಲೆಯಲ್ಲಿ ಅಂಥದೊಂದು ತೊಟ್ಟಿಯನ್ನಿಡಬೇಕೆಂದು ಸಂಕಲ್ಪಿಸಿ, ವಂತಿಗೆ ಕೂಡಿಸಿ, ಅಂಗಡಿಯೊಂದರಿಂದ ಸಾಮಾನುಗಳ ಪಟ್ಟಿಯನ್ನು ಬರೆಯಿಸಿಕೊಂಡು ಬಂದರು. ಮೂವತ್ತು ಲೀಟರಿನ ತೊಟ್ಟಿ, ಒಂದು ಹೀಟರ್, ಬಣ್ಣ ಬದಲಿಸುವ ದೀಪ, ಬಾಯಿ ತೆರೆದಾಗಲೆಲ್ಲ ಗುಳ್ಳೆ ಬಿಡುವ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನು, ಒಂದು ನೀಲಿ ಟ್ಯಾಂಗ್ ಮೀನು, ಮೇಲೆ ಒಂದು ಚೀಲ ಉಪ್ಪು. ಎಲ್ಲವನ್ನೂ ಒಂದೇ ದಿನ ತಂದು ಜೋಡಿಸಿಕೊಡುವ ಭರವಸೆಯೂ ಜೊತೆಗಿತ್ತು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ತರಗತಿಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಕೂಡಿದ ಹಣ ಒಂದು ಸಲದ ಖರೀದಿಗಷ್ಟೇ ಸಾಕಾಗುವಂಥದು. ನಮ್ಮ ಆಯ್ಕೆ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ, ತನ್ನ ಇಚ್ಛೆಯಿಲ್ಲದೆ ನಮ್ಮ ಕೈಗೆ ಬಂದ ಜೀವ ಕೂಡ ಹೋಗುತ್ತದೆ. ಆದುದರಿಂದ ಯಾವ ಸಲಕರಣೆ ಏಕೆ ಬೇಕು, ಯಾವುದು ಬೇಡ ಎಂಬುದನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಬರೆದಿದ್ದೇನೆ.

ಮೊದಲು ಮೀನಿನ ದೇಹಸ್ಥಿತಿಯನ್ನು ತಿಳಿಯೋಣ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಲವಣವಿರುತ್ತದೆ. ಹೀಗಾಗಿ ನೀವು ಪಾಠದಲ್ಲಿ ಓದಿರುವ ಅಭಿಸರಣೆಯ ನಿಯಮದಂತೆ ಹೊರಗಿನ ನೀರು ಕಿವಿರುಗಳ ಮೂಲಕ ಎಡೆಬಿಡದೆ ಅದರ ಮೈಯೊಳಗೆ ಇಳಿಯುತ್ತದೆ. ಆ ಮೀನು ನೀರನ್ನು ಕುಡಿಯುವ ಗೋಜಿಗೆ ಹೋಗದೆ, ಒಳಬಂದುದನ್ನು ಮೂತ್ರವಾಗಿ ಹೊರಹಾಕುತ್ತಿರುತ್ತದೆ. ಕಡಲ ಮೀನಿನ ಪಾಡು ಇದಕ್ಕೆ ತೀರ ವಿರುದ್ಧವಾದುದು. ಅದರ ದೇಹದ್ರವದಲ್ಲಿರುವ ಲವಣವು ಕಡಲನೀರಿನ ಲವಣದ ಸುಮಾರು ಮೂರರಲ್ಲೊಂದು ಪಾಲು. ಆದುದರಿಂದ ನೀರು ಮೈಯಿಂದ ಹೊರಕ್ಕೆ ಸೋರುತ್ತದೆ. ನೀರಿನ ನಡುವೆ ಇದ್ದೂ ಸದಾ ಬಾಯಾರಿದ ಪ್ರಾಣಿ ಅದು. ಆ ಕೊರತೆಯನ್ನು ತುಂಬಿಕೊಳ್ಳಲು ಅದು ಉಪ್ಪುನೀರನ್ನೇ ಕುಡಿದು, ಮಿಕ್ಕ ಉಪ್ಪನ್ನು ಕಿವಿರುಗಳಿಂದ ಹೊರದೂಡುತ್ತದೆ. ಇದರ ಅರ್ಥವೇನು? ನಾವು ತೊಟ್ಟಿಯಲ್ಲಿ ಕಲಸಿಟ್ಟ ನೀರು ಆ ಮೀನಿಗೆ ವಾಸಸ್ಥಳವೂ ಹೌದು, ಕುಡಿಯುವ ನೀರೂ ಹೌದು. ಅದರಲ್ಲಿ ಸೇರಿದ ಕೊಳೆ ಮೀನಿನ ಮೈಗೆ ತಾಗುವುದಷ್ಟೇ ಅಲ್ಲ, ಹೊಟ್ಟೆಯನ್ನೂ ಸೇರುತ್ತದೆ.

ಹವಳದ ದಿಬ್ಬಗಳ ಸುತ್ತ ಬಾಳುವ ಮೀನುಗಳಿಗೆ ಪ್ರಕೃತಿಯು ಬಹುಮಟ್ಟಿಗೆ ಬದಲಾಗದ ನೀರನ್ನು ಒದಗಿಸಿದೆ. ಅಲ್ಲಿ ಲವಣಾಂಶವು ಕಿಲೋಗ್ರಾಮಿಗೆ ಸುಮಾರು 35 ಗ್ರಾಂ. ಇಂದೂ ಅಷ್ಟೇ, ನಾಳೆಯೂ ಅಷ್ಟೇ. ಅಲೆಗಳು ಗಾಳಿಯನ್ನು ಬೆರೆಸುತ್ತವೆ, ಪ್ರವಾಹಗಳು ಕೊಳೆಯನ್ನು ಒಯ್ಯುತ್ತವೆ, ಕಣ್ಣಿಗೆ ಕಾಣದ ಕೋಟ್ಯನುಕೋಟಿ ಜೀವಿಗಳು ಆ ಕೊಳೆಯನ್ನು ಅರಗಿಸಿಬಿಡುತ್ತವೆ. ತೊಟ್ಟಿಯ ಮೀನಿಗೆ ಈ ಮೂರೂ ಉಪಕಾರಗಳು ತಪ್ಪಿಹೋಗಿರುತ್ತವೆ. ಕಡಲು ಮಾಡುತ್ತಿದ್ದ ಕೆಲಸಗಳಲ್ಲಿ ಒಂದನ್ನಾದರೂ ಮಾಡುವ ವಸ್ತುವೇ ನಮಗೆ ಬೇಕಾದ ಸಲಕರಣೆ. ಯಾವುದನ್ನೂ ಮಾಡದ ವಸ್ತು ಅಲಂಕಾರ ಮಾತ್ರ. ಗುಳ್ಳೆ ಬಿಡುವ ಪೆಟ್ಟಿಗೆಯ ಮೇಲೆ ಆಸೆಪಟ್ಟಿದ್ದ ಐದನೆಯ ತರಗತಿಯ ಮಕ್ಕಳು ನನ್ನನ್ನು ಕ್ಷಮಿಸಬೇಕು.

ಯಂತ್ರಗಳಿಲ್ಲದ ಕಾಲದಲ್ಲಿ ಈ ಕೆಲಸ ಎಷ್ಟು ಕಷ್ಟದ್ದಾಗಿತ್ತೆಂಬುದಕ್ಕೆ ಲಂಡನ್ನಿನ ಆ್ಯನ್ ಥಿನ್ ಎಂಬ ಮಹಿಳೆಯ ಕಥೆ ಸಾಕ್ಷಿ. ಈಕೆ 1846ರಲ್ಲಿ ಸಮುದ್ರತೀರದಿಂದ ಹವಳದ ಜೀವಿಗಳನ್ನು ಮನೆಗೆ ತಂದು, ಸುಮಾರು ಮೂರು ವರ್ಷ ಬದುಕಿಸಿದಳು. ಗಾಳಿ ಬೆರೆಸುವ ಪಂಪು ಆಗ ಎಲ್ಲಿಯದು? ತೆರೆದ ಕಿಟಕಿಯ ಮುಂದೆ ನಿಂತು, ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುವುದು, ಮತ್ತೆ ಹಿಂದಕ್ಕೆ ಸುರಿಯುವುದು. ಪ್ರತಿದಿನವೂ ಅರ್ಧ ಮುಕ್ಕಾಲು ಗಂಟೆ ಆ ಮನೆಯ ಕೆಲಸದವಳಿಗೆ ಇದೇ ಕೆಲಸ. ನಾವು ಬಿಸಿ ಹಾಲನ್ನು ಆರಿಸಲು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುತ್ತೇವಲ್ಲ, ಹಾಗೆ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನು ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಮನೆಮಾತಾಯಿತು. ಆ ಹೆಸರು ಇಂದಿಗೂ ಉಳಿದಿದೆ. ಕೆಲಸದವಳ ಹೆಸರು ಮಾತ್ರ ನಮಗೆ ಉಳಿದಿಲ್ಲ.

ಇನ್ನು ತೊಟ್ಟಿಯ ವಿಚಾರ. ಮೊದಲ ಸಲ ಸಾಕುವವರು ಚಿಕ್ಕ ತೊಟ್ಟಿಯಿಂದ ಪ್ರಾರಂಭಿಸುವುದು ಜಾಣತನವೆಂದು ಎಲ್ಲರಿಗೂ ತೋರುತ್ತದೆ. ನಿಜಸ್ಥಿತಿ ಬೇರೆ. ಒಂದು ಚಮಚ ಉಪ್ಪನ್ನು ಲೋಟದ ನೀರಿಗೆ ಹಾಕಿದರೆ ಬಾಯಿಗಿಡಲಾಗದು. ಅದೇ ಚಮಚವನ್ನು ಕೊಡಕ್ಕೆ ಹಾಕಿದರೆ ನಾಲಗೆಗೆ ತಿಳಿಯುವುದೇ ಇಲ್ಲ. ಕೊಳೆಗೂ ಸೆಕೆಗೂ ಇದೇ ಲೆಕ್ಕ. ನೀರು ಹೆಚ್ಚಿದ್ದಷ್ಟೂ ಕೆಡುಕು ನಿಧಾನವಾಗಿ ಬರುತ್ತದೆ, ತಿದ್ದಿಕೊಳ್ಳಲು ನಮಗೆ ಕಾಲಾವಕಾಶ ಸಿಗುತ್ತದೆ. ಮೂವತ್ತು ಲೀಟರಿನ ತೊಟ್ಟಿಯನ್ನು ಪಳಗಿದ ಕೈಗಳು ನಿರ್ವಹಿಸಬಲ್ಲವು. ಕಲಿಯುವವರಿಗೆ ನೂರು ಲೀಟರಿಗೆ ಕಡಿಮೆಯಾದುದು ಬೇಡ. ನಾವು ಆರಿಸಿದ ಅಳತೆ 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ನೀರನ್ನು 40 ಸೆಂಟಿಮೀಟರಿನವರೆಗೆ ತುಂಬಿದರೆ 162 ಲೀಟರ್ ಆಗುತ್ತದೆ. ಕಲ್ಲು ಮರಳುಗಳು ಹಿಡಿಯುವ ಜಾಗವನ್ನು ಕಳೆದು 150 ಲೀಟರ್ ಎಂದಿಟ್ಟುಕೊಳ್ಳಿ. ಎತ್ತರದ ತೊಟ್ಟಿಗಿಂತ ಅಗಲದ ತೊಟ್ಟಿ ಮೇಲು. ಗಾಳಿ ನೀರನ್ನು ಸೇರುವುದು ಮೇಲ್ಮೈಯಿಂದಲೇ ಅಷ್ಟೆ.

ಇಷ್ಟು ದೊಡ್ಡ ತೊಟ್ಟಿಯ ತೂಕವನ್ನು ಎಂಟನೆಯ ತರಗತಿಯವರೇ ಲೆಕ್ಕ ಹಾಕಿದರು. ಕಡಲನೀರು ಲೀಟರಿಗೆ 1.025 ಕಿಲೋದಂತೆ ಸುಮಾರು 154 ಕಿಲೋ, ಹತ್ತು ಮಿಲಿಮೀಟರ್ ದಪ್ಪದ ಗಾಜು 40 ಕಿಲೋ, ಕಲ್ಲು ಮರಳು 25 ಕಿಲೋ. ಒಟ್ಟು 220 ಕಿಲೋದಷ್ಟು. ಇದನ್ನು ಹಳೆಯ ಮೇಜಿನ ಮೇಲಿಡಲಾಗದು. ಗಟ್ಟಿಮರದ ಪೀಠ ಬೇಕು, ಅದು ಗೋಡೆಗೆ ಒತ್ತಿ ಸಮತಟ್ಟಾಗಿ ನಿಂತಿರಬೇಕು. ಗಾಜಿನ ಕೆಳಗೆ ಥರ್ಮೋಕೋಲಿನ ಹಲಗೆಯನ್ನು ಹಾಸಿದರೆ ಸಣ್ಣ ಉಬ್ಬುತಗ್ಗುಗಳಿಂದ ತಳ ಸೀಳುವುದಿಲ್ಲ. ಕಬ್ಬಿಣದ ಪೀಠವು ಅಗ್ಗವಾಗಿ ಸಿಗುತ್ತದೆ, ಆದರೆ ಉಪ್ಪಿನ ಹನಿಗಳು ಅದನ್ನು ಬಲುಬೇಗ ತುಕ್ಕುಹಿಡಿಸುತ್ತವೆ. ಚಾಳಿನ ಅಟ್ಟದ ಮೇಲೋ ಹಳೆಯ ಕಟ್ಟಡದ ಗ್ಯಾಲರಿಯಲ್ಲೋ ಇಡುವ ಯೋಚನೆಯಿದ್ದವರು ಮನೆಯ ಹಿರಿಯರನ್ನು ಕೇಳದೆ ಮುಂದುವರಿಯಕೂಡದು.

ನೀರೆಲ್ಲಿಂದ ತರಬೇಕು? ಸಮುದ್ರವು ಮಗ್ಗುಲಲ್ಲೇ ಇರುವಾಗ ಕೊಡಗಳಲ್ಲಿ ತುಂಬಿ ತಂದರಾಯಿತೆಂದು ಒಬ್ಬ ಹುಡುಗ ಸೂಚಿಸಿದ. ಆದರೆ ಇಷ್ಟು ದೊಡ್ಡ ನಗರದ ಕೊಳಚೆ ಸೇರುವ ದಂಡೆಯ ನೀರು ಮೀನಿಗೆ ಯೋಗ್ಯವಲ್ಲ. ಮಳೆಗಾಲದಲ್ಲಂತೂ ಅದರ ಉಪ್ಪು ಕೂಡ ತಗ್ಗಿರುತ್ತದೆ. ಹಾಗಾದರೆ ಅಡಿಗೆಯ ಉಪ್ಪನ್ನು ನಳದ ನೀರಿಗೆ ಬೆರೆಸಬಹುದೇ? ಅದೂ ಕೂಡದು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡಿದವರಿಗೆ ಕಾರಣ ಬೇಗ ತಿಳಿದೀತು. ಗದ್ದೆಯಂಥ ಕಟ್ಟೆಗಳಲ್ಲಿ ಕಡಲನೀರನ್ನು ಬಿಸಿಲಿಗೆ ಬಿಟ್ಟಾಗ ಸುಣ್ಣದ ಅಂಶವೂ ಜಿಪ್ಸಂ ಕೂಡ ಮೊದಲು ತಳಕ್ಕಿಳಿಯುತ್ತವೆ, ಆಮೇಲೆ ಅಡಿಗೆಯ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಮ್ಮಿನ ಲವಣಗಳು ಕೊನೆಗುಳಿದ ಕಹಿನೀರಿನಲ್ಲೇ ಉಳಿದುಬಿಡುತ್ತವೆ. ನಮ್ಮ ಅಡಿಗೆಯ ಮನೆಗೆ ಬರುವುದು ಕಡಲಿನ ಒಂದು ಪಾಲು ಮಾತ್ರ. ಅಂಗಡಿಯಲ್ಲಿ ಸಿಗುವ ಕೃತಕ ಸಮುದ್ರಲವಣದಲ್ಲಿ ಸೋಡಿಯಂ, ಕ್ಲೋರೈಡುಗಳೊಡನೆ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ಕಡಲಿನಲ್ಲಿರುವ ಪ್ರಮಾಣದಲ್ಲೇ ಕೂಡಿರುತ್ತವೆ. ಲೀಟರಿಗೆ 35 ಗ್ರಾಮಿನಂತೆ ನಮ್ಮ ತೊಟ್ಟಿಗೆ 5 ಕಿಲೋ 250 ಗ್ರಾಂ ಲವಣ ಬೇಕು. ಚೀಲದ ಲವಣದಲ್ಲಿ ತೇವವೂ ಇರುವುದರಿಂದ ತುಸು ಹೆಚ್ಚೇ ಹಿಡಿದೀತು.

ಬೆರೆಸುವ ನೀರು ಆರ್.ಓ. ಯಂತ್ರದಲ್ಲಿ ಶುದ್ಧಿಯಾದುದಾಗಿರಲಿ. ನಳದ ನೀರಿನಲ್ಲಿ ನಮ್ಮ ಆರೋಗ್ಯಕ್ಕಾಗಿ ಬೆರೆಸಿದ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರುಗಳನ್ನು ಸುಡುತ್ತದೆ. ಕಲಸುವುದಕ್ಕೆ ಎರಡು ಪ್ಲಾಸ್ಟಿಕ್ ಬಕೆಟ್ಟುಗಳನ್ನು ಈ ಕೆಲಸಕ್ಕೆಂದೇ ಮೀಸಲಿಡಿ. ಅವಕ್ಕೆ ಸಾಬೂನು ಮುಟ್ಟಕೂಡದು. ಇನ್ನೊಂದು ಮಾತು: ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಪೂಜೆಯ ತಂಬಿಗೆ ಇವುಗಳನ್ನು ಎಂದೆಂದಿಗೂ ಬಳಸಬೇಡಿ. ತಾಮ್ರದ ಪಾತ್ರೆಯ ನೀರು ಮನುಷ್ಯರಿಗೆ ಒಳ್ಳೆಯದೆಂದು ಅಜ್ಜಿಯರು ಹೇಳುವುದುಂಟು. ಆದರೆ ಸಿಗಡಿ, ಬಸವನಹುಳು, ಹವಳ ಮುಂತಾದ ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ಅತ್ಯಲ್ಪ ತಾಮ್ರವೂ ವಿಷವೇ.

ಈಗ ಅಳತೆಯ ಉಪಕರಣಗಳಿಗೆ ಬರೋಣ. ಅಂಗಡಿಯ ಪಟ್ಟಿಯಲ್ಲಿ ಇವು ಒಂದೂ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಇವೇ ಮೊದಲು. ತೊಟ್ಟಿಯ ನೀರು ಪ್ರತಿದಿನವೂ ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. 150 ಲೀಟರಿನಲ್ಲಿ 15 ಲೀಟರ್ ಹಾರಿಹೋಯಿತೆನ್ನಿ. ಮೊದಲಿದ್ದ 5,250 ಗ್ರಾಂ ಉಪ್ಪು ಈಗ 135 ಲೀಟರಿನಲ್ಲಿ ಸೇರಿ, ಲೀಟರಿಗೆ ಸುಮಾರು 39 ಗ್ರಾಂ ಆಯಿತು. ಇಳಿದ ಮಟ್ಟವನ್ನು ಕಂಡು ಉಪ್ಪುನೀರನ್ನು ಸುರಿದರೆ ಇನ್ನೂ ಕೆಟ್ಟಿತು, ಸುರಿಯಬೇಕಾದುದು ಸಿಹಿನೀರನ್ನು. ಇದು ಕಣ್ಣಿಗೆ ಕಾಣುವ ವಿಷಯವಲ್ಲ. 35 ಗ್ರಾಮಿನ ನೀರೂ 39 ಗ್ರಾಮಿನ ನೀರೂ ನೋಟಕ್ಕೆ ಒಂದೇ ತೆರ. ಅದಕ್ಕಾಗಿ ಹೈಡ್ರೋಮೀಟರ್ ಬೇಕು. ಹಾಲಿನ ಡೇರಿಯವರು ಹಾಲಿನಲ್ಲಿ ತೇಲಿಬಿಡುವ ಗಾಜಿನ ಕೊಳವೆಯ ತತ್ತ್ವವೇ ಇದರದೂ ಕೂಡ. ಕಡಲನೀರಿನ ವಿಶಿಷ್ಟ ಗುರುತ್ವವು 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 1.025ರಿಂದ 1.026ರಷ್ಟಿರಬೇಕು. ಅಗ್ಗದ ಹೈಡ್ರೋಮೀಟರಿನ ಮುಳ್ಳಿಗೆ ಗಾಳಿಯ ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಹಣವಿದ್ದರೆ ರಿಫ್ರ್ಯಾಕ್ಟೋಮೀಟರನ್ನೇ ಕೊಳ್ಳಿ. ಎರಡು ಹನಿ ನೀರನ್ನು ಅದರ ಗಾಜಿನ ಮೇಲಿಟ್ಟು ಬೆಳಕಿನತ್ತ ಹಿಡಿದು ನೋಡಿದರೆ, ಬೆಳಕು ಬಾಗುವ ಪ್ರಮಾಣದಿಂದ ಲವಣಾಂಶ ತಿಳಿಯುತ್ತದೆ. ಬೆಳಕಿನ ವಕ್ರೀಭವನದ ಪಾಠಕ್ಕೂ ಅದು ಒದಗುತ್ತದೆಂಬ ಲೋಭ ನನಗೆ ಇಲ್ಲದಿಲ್ಲ. ಇದರ ಜೊತೆಗೆ ಒಂದು ಉಷ್ಣತಾಮಾಪಕ, ಮತ್ತು ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ಈ ನಾಲ್ಕನ್ನು ಪರೀಕ್ಷಿಸುವ ಹನಿಮದ್ದುಗಳ ಪೆಟ್ಟಿಗೆ ಇರಬೇಕು.

ಅಮೋನಿಯಾ ಎಲ್ಲಿಂದ ಬಂತು? ಮೀನು ಉಸಿರಾಡುವಾಗ ಕಿವಿರುಗಳಿಂದ ಅದನ್ನು ಬಿಡುತ್ತದೆ. ಮಲ ಕೊಳೆತಾಗ, ತಿನ್ನದೆ ಉಳಿದ ಆಹಾರ ಕೊಳೆತಾಗ ಮತ್ತಷ್ಟು ಹುಟ್ಟುತ್ತದೆ. ಅದು ತೀಕ್ಷ್ಣವಾದ ವಿಷ. ಕಡಲನೀರು ಕ್ಷಾರಗುಣವುಳ್ಳದ್ದು, ಅದರ ಪಿಎಚ್ 8.1ರಿಂದ 8.4. ಅಂಥ ನೀರಿನಲ್ಲಿ ಅಮೋನಿಯಾದ ವಿಷರೂಪದ ಪಾಲು, ಪಿಎಚ್ 7ರ ನೀರಿನಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾಗುತ್ತದೆ. ಗೋಲ್ಡ್‌ಫಿಶ್ ಸಹಿಸಿಕೊಂಡ ಕೊಳೆಯಲ್ಲಿ ಕಡಲ ಮೀನು ಸಾಯುವುದಕ್ಕೆ ಇದೊಂದು ಮುಖ್ಯ ಕಾರಣ. ಈ ವಿಷವನ್ನು ಅರಗಿಸುವವರು ಯಾರು? ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ. ಒಂದು ಬಗೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನ ಕಾಟ ಬಹಳ ಕಡಿಮೆ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸಿದರೆ ಅದು ಹತೋಟಿಯಲ್ಲಿರುತ್ತದೆ. ಇದೇ ಕೆಲಸ ಕಡಲಿನಲ್ಲಿಯೂ ನಡೆಯುತ್ತದೆ, ತೊಟ್ಟಿಯಲ್ಲಿಯೂ ನಡೆಯಬೇಕು.

ಹಾಗಾದರೆ ‘ಫಿಲ್ಟರ್’ ಎಂಬುದು ಕೊಳೆಯನ್ನು ಸೋಸುವ ಬಟ್ಟೆಯಷ್ಟೇ ಅಲ್ಲ, ಈ ಜೀವಿಗಳು ಮನೆಮಾಡುವ ತಾಣ ಎಂಬುದು ನಿಮಗೆ ಹೊಳೆದಿರಬೇಕು. ಜಾಕಾರ್ತಾದ ಲೀ ಚಿನ್ ಎಂಗ್ ಎಂಬಾತ 1961ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದ. ಕಡಲಿನ ರಂಧ್ರಮಯ ಕಲ್ಲುಗಳನ್ನು ಅವುಗಳ ಮೇಲಿನ ಜೀವರಾಶಿಯೊಡನೆಯೇ ತೊಟ್ಟಿಯಲ್ಲಿಟ್ಟು ಗಾಳಿಯ ಗುಳ್ಳೆಗಳಿಂದ ನೀರನ್ನು ಕದಡಿದರೆ ಸಾಕು, ಕಲ್ಲುಗಳೇ ನೀರನ್ನು ಶುದ್ಧಿಮಾಡುತ್ತವೆಂದು ಅದರಿಂದ ಜನಕ್ಕೆ ತಿಳಿಯಿತು. ನಮ್ಮ ತೊಟ್ಟಿಗೂ ಹನ್ನೆರಡರಿಂದ ಹದಿನೈದು ಕಿಲೋ ರಂಧ್ರಗಳುಳ್ಳ ಒಣಕಲ್ಲು ಬೇಕು. ಒಣಗಿದ್ದರಿಂದ ಅದರಲ್ಲಿ ಜೀವವಿರುವುದಿಲ್ಲ. ಜೀವವನ್ನು ನಾವು ಬೆಳೆಸಿಕೊಳ್ಳಬೇಕು. ತಳಕ್ಕೆ ಎರಡು ಮೂರು ಸೆಂಟಿಮೀಟರ್ ದಪ್ಪ ಸುಣ್ಣಮಯವಾದ ಮರಳು ಸಾಕು. ಜುಹೂವಿನ ಮರಳು ಬೇಡ. ಕಲ್ಲುಗಳನ್ನು ಮೊದಲು ತಳಕ್ಕೆ ಊರಿ, ಆಮೇಲೆ ಮರಳನ್ನು ಹರಡಿ. ಮರಳನ್ನು ತೋಡುವ ಮೀನು ಬಂದರೆ ಕಲ್ಲುರಾಶಿ ಉರುಳಿ ಗಾಜು ಒಡೆದ ಉದಾಹರಣೆಗಳುಂಟು. ಸ್ಪಂಜಿನ ಫಿಲ್ಟರನ್ನೂ ಇಟ್ಟರೆ, ಅದನ್ನು ನಳದ ಕೆಳಗೆ ಹಿಡಿದು ತೊಳೆಯಬಾರದು. ಕ್ಲೋರಿನ್ನಿಗೆ ಬ್ಯಾಕ್ಟೀರಿಯಾಗಳು ಸತ್ತುಹೋಗುತ್ತವೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ ತೆಗೆಯಬೇಕು.

ಹವಳ, ಜೀವಂತ ಕಲ್ಲು ಇವನ್ನು ಕಡಲ ದಂಡೆಯಿಂದ ಕಿತ್ತು ತರುವ ಯೋಚನೆ ಯಾರಿಗೂ ಬರಬಾರದು. ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆಗಳು ಮುಂತಾದವನ್ನು 2001ರಲ್ಲಿ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಸೇರಿಸಲಾಯಿತು. ಅವುಗಳನ್ನು ಕೀಳುವುದೂ ಮಾರುವುದೂ ಕೊಳ್ಳುವುದೂ ಶಿಕ್ಷಾರ್ಹ ಅಪರಾಧ. ಮಾಲವಣದ ಕಡೆಯಲ್ಲಾಗಲಿ, ಭಟ್ಕಳದಾಚೆಯ ನೇತ್ರಾಣಿಯ ನೀರಿನಲ್ಲಾಗಲಿ ಇರುವ ಹವಳ ಅಲ್ಲಿಯೇ ಇರಲಿ. ಅಂಗಡಿಯಲ್ಲಿ ಯಾರಾದರೂ ‘ಗುಟ್ಟಾಗಿ ತರಿಸಿಕೊಡುತ್ತೇನೆ’ ಎಂದರೆ ಆ ಅಂಗಡಿಯನ್ನೇ ಬಿಟ್ಟುಬಿಡಿ.

ಮುಂದಿನ ಯಂತ್ರ ನೊರೆ ತೆಗೆಯುವುದು. ಇದನ್ನು ಪ್ರೋಟೀನ್ ಸ್ಕಿಮ್ಮರ್ ಎನ್ನುತ್ತಾರೆ. ಮಳೆಗಾಲದಲ್ಲಿ ಅಲೆಗಳು ಅಪ್ಪಳಿಸುವಾಗ ದಂಡೆಯ ಮೇಲೆ ಕಂದುಬಣ್ಣದ ನೊರೆ ರಾಶಿಬೀಳುವುದನ್ನು ನೀವು ಕಂಡಿದ್ದೀರಿ. ಜೀವಜನ್ಯ ಕೊಳೆಯ ಎಷ್ಟೋ ಅಣುಗಳಿಗೆ ಸಾಬೂನಿನ ಅಣುವಿನಂತೆ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ಬೇಡ. ಹೀಗಾಗಿ ಅವು ಗುಳ್ಳೆಯ ಮೇಲ್ಮೈಗೆ ಅಂಟಿಕೊಂಡು ಮೇಲೇರುತ್ತವೆ. ಈ ಯಂತ್ರವು ಕೊಳವೆಯೊಳಗೆ ಸೂಕ್ಷ್ಮವಾದ ಗುಳ್ಳೆಗಳನ್ನು ಎಬ್ಬಿಸಿ, ಮೇಲೆದ್ದ ನೊರೆಯನ್ನು ಒಂದು ಬಟ್ಟಲಿನಲ್ಲಿ ಕೂಡಿಹಾಕುತ್ತದೆ. ಕೊಳೆಯು ಕೊಳೆತು ಅಮೋನಿಯಾ ಆಗುವ ಮೊದಲೇ ನೀರಿನಿಂದ ಹೊರಬೀಳುತ್ತದೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಸಣ್ಣವಾಗಿಯೇ ಉಳಿಯುವುದರಿಂದ ಇದು ಕಡಲನೀರಿನ ತೊಟ್ಟಿಗೆ ಹೇಳಿಮಾಡಿಸಿದ ಸಾಧನ. ಮೀನು ಕಡಿಮೆಯಿದ್ದು, ನೀರನ್ನು ವಾರವಾರವೂ ತಪ್ಪದೆ ಬದಲಿಸುವಂತಿದ್ದರೆ ಇದಿಲ್ಲದೆಯೂ ನಡೆದೀತು. ಶಾಲೆಯಲ್ಲಿ ಪರೀಕ್ಷೆ, ಕ್ರೀಡೆ, ವಾರ್ಷಿಕೋತ್ಸವ ಎಂದು ವಾರಗಳು ತಪ್ಪುತ್ತವೆಂಬುದು ನನಗೆ ಗೊತ್ತಿರುವುದರಿಂದ, ಇದಕ್ಕೆ ಹಣ ಹಾಕೋಣವೆಂದು ಹೇಳಿದೆ.

ನೀರನ್ನು ತಿರುಗಿಸುವ ಪಂಪು ತೊಟ್ಟಿಯ ನೀರಿನ ಹತ್ತು ಪಟ್ಟನ್ನಾದರೂ ಗಂಟೆಗೆ ಹರಿಸುವಂಥದಾಗಿರಲಿ. ನಮಗೆ 1,500 ಲೀಟರಿನದು. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಎಂಟು ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು, ಕಡಲನೀರು ಏಳು ಮಿಲಿಗ್ರಾಮನ್ನೂ ಹಿಡಿಯದು. ಪಂಪು ನಿಂತರೆ ಮೀನು ಉಸಿರುಗಟ್ಟುತ್ತದೆ. ಮುಂಬಯಿಯಲ್ಲಿ ವಿದ್ಯುತ್ತು ಅಪರೂಪಕ್ಕೆ ಹೋಗುತ್ತದೆ, ನಿಜ. ಆದರೆ ಶನಿವಾರ ಸಂಜೆ ಸಿಪಾಯಿಯವರು ನಿಯಮದಂತೆ ಮೇನ್ ಸ್ವಿಚ್ಚನ್ನು ಆರಿಸಿ ಬೀಗ ಹಾಕುತ್ತಾರಲ್ಲ! ಮೂವತ್ತಾರು ಗಂಟೆಗಳ ಕಾಲ ನಿಂತ ನೀರಿನಲ್ಲಿ ಸೋಮವಾರ ಏನು ಉಳಿದೀತು? ಆದುದರಿಂದ ಮೀನಿಗಿಂತ ಮೊದಲು ಆ ಮೂಲೆಗೆ ಪ್ರತ್ಯೇಕ ವಿದ್ಯುತ್ ಮಾರ್ಗವನ್ನು ಎಳೆಸಬೇಕು, ಸೋರಿಕೆಯಾದೊಡನೆ ತಾನಾಗಿ ಕಡಿಯುವ ಸ್ವಿಚ್ಚನ್ನು ಅದಕ್ಕೆ ಹಾಕಿಸಬೇಕು. ವೈರುಗಳು ಪ್ಲಗ್ಗಿನ ಮಟ್ಟಕ್ಕಿಂತ ಕೆಳಗೆ ಒಮ್ಮೆ ಜೋತು ಮತ್ತೆ ಮೇಲೇರುವಂತಿದ್ದರೆ, ವೈರಿನ ಮೇಲೆ ಇಳಿದ ಹನಿ ಅಲ್ಲಿಯೇ ತೊಟ್ಟಿಕ್ಕುತ್ತದೆ. ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಪಂಪೊಂದು ಕಪಾಟಿನಲ್ಲಿರಲಿ.

ಹೀಟರ್ ಬೇಡ. ಅದು ದೆಹಲಿಯ ಅಥವಾ ಪುಣೆಯ ಚಳಿಗಾಲಕ್ಕೆ ಸರಿ. ಈ ಮೀನುಗಳಿಗೆ 25ರಿಂದ 27 ಡಿಗ್ರಿ ಹಿತ. ಮೇ ತಿಂಗಳಲ್ಲಿ ನಮ್ಮ ಕೊಠಡಿಯೇ 32 ಡಿಗ್ರಿ ದಾಟುತ್ತದೆ. ಹೀಟರಿನ ಹಣದಲ್ಲಿ ನೀರಿನ ಮೇಲ್ಮೈಗೆ ಬೀಸುವ ಸಣ್ಣ ಫ್ಯಾನು ಬರುತ್ತದೆ. ಆವಿಯಾಗುವಾಗ ನೀರು ತಣಿಯುತ್ತದೆಂಬ ಮಣ್ಣಿನ ಹೂಜಿಯ ತತ್ತ್ವದಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ತಣಿಸುವ ಚಿಲ್ಲರ್ ಯಂತ್ರವು ನಮ್ಮ ಶಕ್ತಿಗೆ ಮೀರಿದ್ದು. ಆದುದರಿಂದ ಬಿಸಿಲು ಬೀಳದ ಉತ್ತರದ ಗೋಡೆಯನ್ನೇ ಆರಿಸಿದೆವು. ದೀಪ ಸಾಧಾರಣವಾದುದೇ ಸಾಕು; ಹವಳ ಬೆಳೆಸುವವರಿಗೆ ಮಾತ್ರ ಬೆಲೆಬಾಳುವ ದೀಪಗಳ ಅಗತ್ಯ. ಮೇಲೆ ಬಲೆಯ ಮುಚ್ಚಳವಿರಲಿ, ಕೆಲವು ಮೀನುಗಳು ರಾತ್ರಿ ಎಗರಿ ನೆಲಕ್ಕೆ ಬೀಳುತ್ತವೆ.

ಎಲ್ಲ ಸಲಕರಣೆ ಜೋಡಿಸಿ, ನೀರು ತುಂಬಿ, ಪಂಪು ಹಾಕಿಯಾಯಿತು. ಮೀನು ಬಿಡಬಹುದೇ? ಇಲ್ಲ. ಕಲ್ಲುಗಳಲ್ಲಿ ಬ್ಯಾಕ್ಟೀರಿಯಾ ಇನ್ನೂ ನೆಲಸಿಲ್ಲ. ಒಂದು ಚಿಟಿಕೆ ಮೀನಿನ ಆಹಾರವನ್ನು ಅಥವಾ ಒಂದು ತುಣುಕು ಸಿಗಡಿಯನ್ನು ನೀರಿಗೆ ಹಾಕಿ ಕೊಳೆಯಲು ಬಿಡಬೇಕು. ಕೆಲವು ದಿನಗಳಲ್ಲಿ ಅಮೋನಿಯಾ ಏರುತ್ತದೆ. ಅದು ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ. ಅದೂ ಇಳಿದು ಎರಡೂ ಸೊನ್ನೆಯಾಗಿ, ನೈಟ್ರೇಟ್ ಕಾಣಿಸಿಕೊಂಡಾಗ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ.

“ಸರ್, ಒಂದೂವರೆ ತಿಂಗಳು ಬರಿಯ ನೀರನ್ನು ನೋಡುತ್ತ ಕೂತಿರಬೇಕೇ?” ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಬೇಸರದಿಂದ ಕೇಳಿದಳು. ಹಾಲಿಗೆ ಹೆಪ್ಪು ಹಾಕಿ ಒಂದು ರಾತ್ರಿ ಕಾಯುವ ನಾವು ಇದಕ್ಕೆ ಆರು ವಾರ ಕಾಯಲೇಬೇಕಾಗುತ್ತದೆ. ಈ ಬ್ಯಾಕ್ಟೀರಿಯಾಗಳು ಹೆಪ್ಪಿನವುಗಳಂತೆ ಬೇಗನೆ ಬೆಳೆಯುವುದಿಲ್ಲ. ಆದರೆ ನೋಡುತ್ತ ಸುಮ್ಮನೆ ಕೂರಬೇಕಾಗಿಲ್ಲ. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ ಬಂದ ಅಂಕಿಗಳನ್ನು ನಕ್ಷೆಕಾಗದದಲ್ಲಿ ಗುರುತಿಸಿದರೆ, ಎರಡು ಗುಡ್ಡಗಳು ಒಂದರ ಹಿಂದೊಂದು ಎದ್ದು ಇಳಿಯುವುದು ಕಾಣುತ್ತದೆ. ಆ ಗುಡ್ಡಗಳ ಕಾಲದಲ್ಲಿ ತೊಟ್ಟಿಯಲ್ಲಿ ಮೀನಿದ್ದರೆ ಅದರ ಗತಿ ಏನಾಗುತ್ತಿತ್ತೆಂಬುದನ್ನು ಆಕೆಯೇ ಲೆಕ್ಕಿಸಿ ಹೇಳಿದಳು. ಒಂದೇ ದಿನದಲ್ಲಿ ಜೋಡಿಸಿಕೊಡುವ ಭರವಸೆಯನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮೀನಿನ ವಿಚಾರ ಸಂಕ್ಷೇಪವಾಗಿ ಹೇಳುತ್ತೇನೆ. ನೀಲಿ ಟ್ಯಾಂಗ್ ಮೀನು ಬೆಳೆದರೆ ಒಂದಡಿಯಷ್ಟಾಗುತ್ತದೆ, ಹಗಲೆಲ್ಲ ಈಜಾಡುತ್ತದೆ. ನಮ್ಮ ತೊಟ್ಟಿ ಅದಕ್ಕೆ ಸೆರೆಮನೆ. ಕ್ಲೌನ್ ಮೀನಿನ ಜೋಡಿ ಸರಿ, ಅದೂ ಕಡಲಿನಿಂದ ಹಿಡಿದದ್ದಲ್ಲ, ತೊಟ್ಟಿಯಲ್ಲೇ ಹುಟ್ಟಿದ್ದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳ ಸಂತಾನೋತ್ಪತ್ತಿಯನ್ನು ಸಾಧಿಸಿದ್ದಾರೆ. ಇಂಥ ಮರಿಗಳು ತೊಟ್ಟಿಯ ಬಾಳಿಗೂ ಪುಡಿ ಆಹಾರಕ್ಕೂ ಹುಟ್ಟಿನಿಂದ ಒಗ್ಗಿರುತ್ತವೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತವೆ. ಈಗ ಐದನೆಯ ತರಗತಿಯಲ್ಲಿರುವವರು ಕಾಲೇಜು ಮುಗಿಸುವ ತನಕ.

ಕೊನೆಗೆ ಉಳಿದ ಸಮಸ್ಯೆಯೊಂದು ಯಾವ ಅಂಗಡಿಯ ಪಟ್ಟಿಯಲ್ಲೂ ಇರುವುದಿಲ್ಲ. ಮೇ ತಿಂಗಳಲ್ಲಿ ಶಾಲೆಗೆ ರಜೆ. ನಮ್ಮಲ್ಲಿ ಹೆಚ್ಚಿನವರು ಊರಿಗೆ ಹೋಗುತ್ತೇವೆ. ಉಡುಪಿ, ಕುಂದಾಪುರ, ಕಾರವಾರ, ವಿಜಯಪುರ ಎಂದು ರೈಲು ಬಸ್ಸುಗಳನ್ನು ಹತ್ತುತ್ತೇವೆ. ತೊಟ್ಟಿ ಎಲ್ಲಿಗೂ ಹೋಗುವುದಿಲ್ಲ. ಫ್ಯಾನು ಬೀಸುತ್ತಿರುವಾಗ ದಿನಕ್ಕೆ ಒಂದೂವರೆ ಲೀಟರ್ ಆವಿಯಾಗುತ್ತದೆಂದು ಹಿಡಿದರೆ, ಇಪ್ಪತ್ತು ದಿನಕ್ಕೆ ಮೂವತ್ತು ಲೀಟರ್. ಉಳಿದ 120 ಲೀಟರಿನಲ್ಲಿ ಉಪ್ಪು ಲೀಟರಿಗೆ 43 ಗ್ರಾಂ ಮೀರಿರುತ್ತದೆ. ನೀರನ್ನು ತಾನಾಗಿ ತುಂಬಿಸುವ ಯಂತ್ರಗಳಿವೆ. ಆದರೆ ಅದರ ತೇಲುಗುಂಡು ಸಿಕ್ಕಿಕೊಂಡರೆ ಒಂದೋ ನೀರು ಬರುವುದಿಲ್ಲ, ಇಲ್ಲವೇ ನಿಲ್ಲುವುದಿಲ್ಲ. ಬೀಗ ಹಾಕಿದ ಕೊಠಡಿಯಲ್ಲಿ ಅದನ್ನು ನಂಬಿ ಹೋಗುವುದು ನನಗೆ ಸಮ್ಮತವಲ್ಲ. ಅದಕ್ಕೆ ಗಾಜಿನ ಹೊರಮೈಯಲ್ಲಿ 40 ಸೆಂಟಿಮೀಟರಿಗೆ ಸರಿಯಾಗಿ ಕೆಂಪು ಟೇಪನ್ನು ಅಂಟಿಸಿದ್ದೇವೆ. ಪಕ್ಕದಲ್ಲಿ ಆರ್.ಓ. ನೀರಿನ ಕ್ಯಾನು, ಒಂದು ಪ್ಲಾಸ್ಟಿಕ್ ಮಗ್ಗು. ಈ ಬೇಸಿಗೆಯಲ್ಲಿ ಊರಿಗೆ ಹೋಗದ ಆರು ಜನ ವಿದ್ಯಾರ್ಥಿಗಳು ಹೆಸರು ಕೊಟ್ಟಿದ್ದಾರೆ; ಇಬ್ಬಿಬ್ಬರಂತೆ ಸರದಿ, ಬೆಳಿಗ್ಗೆ ಎಂಟು ಗಂಟೆಗೆ. ಕೀಲಿಕೈ ಸಿಪಾಯಿಯವರ ಬಳಿ ಇರುತ್ತದೆ. ನೀರು ಟೇಪಿನ ಕೆಳ ಅಂಚಿಗೆ ಇಳಿದಿದ್ದರೆ ಮೇಲಂಚಿನವರೆಗೆ ತುಂಬಿ, ಉಷ್ಣತೆಯನ್ನೂ ತುಂಬಿದ ಮಗ್ಗುಗಳ ಲೆಕ್ಕವನ್ನೂ ಗೋಡೆಗೆ ತೂಗುಹಾಕಿದ ವಹಿಯಲ್ಲಿ ಬರೆಯತಕ್ಕದ್ದು. ಇನ್ನೂ ಇಬ್ಬರು ಸಿಕ್ಕಿದರೆ ಭಾನುವಾರಗಳಿಗೂ ಸರದಿ ಹೊಂದುತ್ತದೆ. ಹೆಸರು ಕೊಡುವವರು ಏಪ್ರಿಲ್ ತಿಂಗಳ ಮೊದಲ ವಾರದೊಳಗೆ ನನ್ನನ್ನು ಕಾಣಬೇಕು.